ವಯಸ್ಸಾದವರಿಗೆ ಸ್ಟ್ರೆಂತ್ ಟ್ರೇನಿಂಗಾ, ಪವರ್ ಟ್ರೇನಿಂಗಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದವರು ಕೇಳುವ ಪ್ರಶ್ನೆಗಳು ಇವು. ಅವರಿಗಿಂತ ಜಾಸ್ತಿ ಅವರ ಮಕ್ಕಳೇ ಕೇಳುತ್ತಾರೆ ಅನ್ನಿ. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ ಕುರ್ಚಿಯ ಪ್ರಶ್ನೆ ("ಎಲ್ಲಿಂದ ಶುರು ಮಾಡೋದು") ಮತ್ತು ಬಿಪಿಯ ಪ್ರಶ್ನೆ, ಇವೆರಡನ್ನಾದರೂ ಓದಿ.

ಎರಡೂ ಒಂದೇ ಅಲ್ವಾ? ಏನು ವ್ಯತ್ಯಾಸ?

ಒಂದೇ ಅಲ್ಲ. ಸ್ಟ್ರೆಂತ್ ಅಂದರೆ ನೀವು ಎಷ್ಟು ಭಾರ ಎತ್ತಬಲ್ಲಿರಿ ಅನ್ನುವುದು. ಎಷ್ಟು ಹೊತ್ತು ಹಿಡಿದರೂ ಅಲ್ಲಿ ಲೆಕ್ಕಕ್ಕಿಲ್ಲ. ಪವರ್‌ನಲ್ಲಿ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬಲವನ್ನು ವೇಗದಿಂದ ಗುಣಿಸಿದರೆ ಬರುವುದೇ ಪವರ್. ತೆಂಗಿನಕಾಯಿಯನ್ನು ಕಲ್ಲಿನ ಮೇಲಿಟ್ಟು ಎಷ್ಟು ಒತ್ತಿದರೂ ಒಡೆಯುವುದಿಲ್ಲ, ಬೀಸಿ ಹೊಡೆದರೆ ಒಂದೇ ಏಟಿಗೆ ಹೋಳಾಗುತ್ತದೆ. ಕೈ ಅದೇ, ಕಾಯಿ ಅದೇ, ಬದಲಾಗಿದ್ದು ವೇಗ.

ವ್ಯಾಯಾಮದಲ್ಲೂ ವ್ಯತ್ಯಾಸ ಇಷ್ಟೇ. ಸ್ಟ್ರೆಂತ್ ಟ್ರೇನಿಂಗ್‌ನಲ್ಲಿ ಭಾರ ಜಾಸ್ತಿ, ಎತ್ತುವುದೂ ನಿಧಾನ, ಇಳಿಸುವುದೂ ನಿಧಾನ. ಪವರ್ ಟ್ರೇನಿಂಗ್‌ನಲ್ಲಿ ಭಾರ ಕಡಿಮೆ, ಎತ್ತುವಾಗ ಆದಷ್ಟೂ ಬೇಗ, ಇಳಿಸುವಾಗ ಮಾತ್ರ ಎರಡು ಮೂರು ಸೆಕೆಂಡು ತೆಗೆದುಕೊಂಡು ನಿಧಾನ. ಬೇಗ ಎತ್ತಿ ಬೇಗ ಬಿಟ್ಟುಬಿಡುವುದು ಪವರ್ ಟ್ರೇನಿಂಗ್ ಅಲ್ಲ, ಅದು ಮೈ ನೋಯಿಸಿಕೊಳ್ಳುವ ದಾರಿ.

ಈ ವಯಸ್ಸಲ್ಲಿ ವೇಗ ತಗೊಂಡು ಏನು ಮಾಡೋದು? ನಾವೇನು ಓಟದ ಪಂದ್ಯಕ್ಕೆ ಹೋಗ್ತೀವಾ?

ಪಂದ್ಯಕ್ಕೆ ಹೋಗಬೇಡಿ. ಆದರೆ ಬಚ್ಚಲುಮನೆಗಂತೂ ಹೋಗುತ್ತೀರಿ ಅಲ್ವಾ? ಅಲ್ಲಿ ಹೊಸ್ತಿಲಿಗೆ ಕಾಲ್ಬೆರಳು ತಗುಲಿತು ಅಂದುಕೊಳ್ಳಿ. ಮೈ ಮುಂದಕ್ಕೆ ವಾಲುತ್ತದೆ. ಇನ್ನೊಂದು ಕಾಲು ಗಾಳಿಯಲ್ಲಿ ಮುಂದೆ ಬಂದು, ನೆಲಕ್ಕೆ ಊರಿ, ಮಂಡಿ ಕುಸಿಯದಂತೆ ಇಡೀ ದೇಹದ ಭಾರ ತಡೆಯಬೇಕು. ಇಷ್ಟಕ್ಕೂ ಸಿಗುವ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. ತೊಡೆಯ ಸ್ನಾಯು ತನ್ನ ಪೂರ್ತಿ ಬಲ ಹೊರಹಾಕಲು ಯುವಕರಿಗೇ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಬೇಕಾಗುತ್ತದೆ, ವಯಸ್ಸಾದ ಮೇಲೆ ಇನ್ನೂ ಜಾಸ್ತಿ. ಕಾಲಲ್ಲಿ ಬಲ ಇದೆ, ಆದರೆ ಅದು ಬರುವಷ್ಟರಲ್ಲಿ ನೀವು ನೆಲದ ಮೇಲಿರುತ್ತೀರಿ.

ಬೀಳುವುದೊಂದೇ ಅಲ್ಲ. ಬಸ್ಸು ನಿಲ್ಲುತ್ತಿದ್ದ ಹಾಗೆ ಎತ್ತರದ ಮೆಟ್ಟಿಲು ಹತ್ತಬೇಕು, ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ಕಂಡಕ್ಟರ್ ಆಗಲೇ ಸೀಟಿ ಊದಿರುತ್ತಾರೆ. ಸಿಗ್ನಲ್ ಹಸಿರಿದ್ದಾಗಲೇ ರಸ್ತೆ ದಾಟಬೇಕು. ಮದುವೆ ಮನೆಯಲ್ಲಿ ನೆಲದ ಪಂಕ್ತಿಯಲ್ಲಿ ಕೂತರೆ ಏಳಬೇಕು. ಇವೆಲ್ಲ ಪವರ್ ಕೆಲಸಗಳೇ.

ಬಲ ಮತ್ತು ಪವರ್, ಯಾವುದು ಮೊದಲು ಹೋಗುತ್ತೆ?

ಪವರ್. ಅದೂ ಜೋರಾಗಿ. ಬ್ರಿಟನ್ನಿನಲ್ಲಿ 65ರಿಂದ 89 ವರ್ಷದ ಆರೋಗ್ಯವಂತರನ್ನು ಅಳೆದು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸ್ನಾಯುಬಲ ವರ್ಷಕ್ಕೆ ಶೇ. 1ರಿಂದ 2ರಷ್ಟು ಕಡಿಮೆ ಕಂಡಿತು, ಕಾಲಿನ ಪವರ್ ಮಾತ್ರ ಶೇ. 3.5ರ ಹತ್ತಿರ. ಓದೋಕೆ ಸಣ್ಣ ಅಂಕಿ ಅನ್ನಿಸುತ್ತದೆ. ಆದರೆ ಹತ್ತು ವರ್ಷಕ್ಕೆ ಲೆಕ್ಕ ಹಾಕಿ: ಬಲದಲ್ಲಿ ಏಳನೇ ಒಂದು ಭಾಗ ಹೋದರೆ ಪವರ್‌ನಲ್ಲಿ ಸುಮಾರು ಮೂರನೇ ಒಂದು ಭಾಗವೇ ಹೋಗಿರುತ್ತದೆ.

ಕಾರಣ ಸ್ನಾಯುವಿನ ಒಳಗೇ ಇದೆ. ಸ್ನಾಯುವಿನಲ್ಲಿ ನಿಧಾನದ ಎಳೆಗಳು, ವೇಗದ ಎಳೆಗಳು ಅಂತ ಎರಡು ಬಗೆ. ನಿಂತುಕೊಳ್ಳೋಕೆ, ನಡೆಯೋಕೆ ನಿಧಾನದವು ಸಾಕು. ಜಿಗಿಯುವುದು, ಧಡಕ್ಕನೆ ಏಳುವುದು ವೇಗದವುಗಳ ಕೆಲಸ. ವಯಸ್ಸಾದಂತೆ ಹೆಚ್ಚು ಸೊರಗುವುದು ಈ ವೇಗದ ಎಳೆಗಳೇ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರಗಳೂ ಒಂದೊಂದಾಗಿ ಸಾಯುತ್ತವೆ. ಅನಾಥವಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನಿಧಾನದ ನರ ತನ್ನ ಜೊತೆ ಸೇರಿಸಿಕೊಳ್ಳುತ್ತದೆ, ಅವೂ ನಿಧಾನದವೇ ಆಗಿಬಿಡುತ್ತವೆ. ಅದರ ಮೇಲೆ, ನಲವತ್ತು ದಾಟಿದ ಮೇಲೆ ನಾವು ವೇಗವಾಗಿ ಏನನ್ನೂ ಮಾಡುವುದೇ ಇಲ್ಲ. ಕೊನೇ ಸಲ ನೀವು ಯಾವಾಗ ಜೋರಾಗಿ ಓಡಿದ್ದು?

ಹಾಗಾದರೆ ಸ್ಟ್ರೆಂತ್ ಬಿಟ್ಟು ಪವರ್ ಟ್ರೇನಿಂಗ್ ಮಾತ್ರ ಮಾಡಿದರೆ ಸಾಕಾ?

ನಿಧಾನ. ಇಲ್ಲೇ ಯೂಟ್ಯೂಬ್ ವಿಡಿಯೋಗಳು ಅತಿ ಮಾಡುವುದು.

2022ರಲ್ಲಿ ಅಮೆರಿಕದ ಜಾಮಾ ನೆಟ್‌ವರ್ಕ್ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಹಿಡಿದು ಒಂದು ದೊಡ್ಡ ವಿಶ್ಲೇಷಣೆ ಬಂತು. ವಯಸ್ಸಾದವರಲ್ಲಿ ಇವೆರಡನ್ನೂ ನೇರವಾಗಿ ಹೋಲಿಸಿದ 20 ಪ್ರಯೋಗಗಳು, ಒಟ್ಟು 566 ಜನ, ಸರಾಸರಿ ವಯಸ್ಸು 70. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ಕೆಲಸಗಳಲ್ಲಿ ಪವರ್ ಟ್ರೇನಿಂಗ್ ಮಾಡಿದವರು ಸ್ವಲ್ಪ ಮುಂದಿದ್ದರು. ಸ್ವಲ್ಪ ಅಷ್ಟೇ. ಪುರಾವೆಯೂ ಅಷ್ಟೇನೂ ಗಟ್ಟಿ ಇಲ್ಲ ಅಂತ ಬರೆದವರೇ ಹೇಳಿದ್ದಾರೆ. 566 ಜನ ಅಂದರೆ ಪ್ರಯೋಗಕ್ಕೆ ಮೂವತ್ತು ಜನವೂ ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಇದು ಜಗಳದ ವಿಷಯವೇ ಅಲ್ಲ. ಬಲ ಇಲ್ಲದವರಿಗೆ ಪವರ್ ಎಲ್ಲಿಂದ ಬರಬೇಕು? ಮೊದಲ ಒಂದೂವರೆ ಎರಡು ತಿಂಗಳು ನಿಧಾನವಾಗಿ, ಸರಿಯಾಗಿ ಸ್ಟ್ರೆಂತ್ ಮಾಡಿ. ಕೀಲು, ಸ್ನಾಯುರಜ್ಜು ಎಲ್ಲ ಹದಕ್ಕೆ ಬರಲಿ. ಆಮೇಲೆ ಅದೇ ವ್ಯಾಯಾಮಗಳನ್ನು ಎತ್ತುವಾಗ ಬೇಗ ಮಾಡಿ. ಎರಡನ್ನೂ ಇಟ್ಟುಕೊಳ್ಳಿ. ನನಗೆ ಬೇಜಾರಿರುವುದು ಒಂದೇ ವಿಷಯಕ್ಕೆ, ಎಷ್ಟೋ ಕಡೆ ಅರವತ್ತು ದಾಟಿದವರು ಅಂದ ತಕ್ಷಣ ಅರ್ಧ ಕಿಲೋ ಡಂಬಲ್ ಕೈಗೆ ಕೊಟ್ಟು "ನಿಧಾನ ಆಂಟಿ, ನಿಧಾನ ಅಂಕಲ್" ಅಂತ ವರ್ಷಗಟ್ಟಲೆ ಅದನ್ನೇ ಮಾಡಿಸುತ್ತಿರುತ್ತಾರೆ. ಅದರಲ್ಲಿ ಬಲವೂ ಬರುವುದಿಲ್ಲ, ಪವರ್ರೂ ಬರುವುದಿಲ್ಲ.

ಪವರ್ ಕಡಿಮೆ ಇದ್ದರೆ ಆಯಸ್ಸೂ ಕಡಿಮೆಯಂತೆ, ಹೌದಾ?

ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 46ರಿಂದ 75 ವರ್ಷದ 3,889 ಜನರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದು 2025ರಲ್ಲಿ ಬಂತು. ಅದರಲ್ಲಿ ಯಾರು ಬೇಗ ಸಾಯುತ್ತಾರೆ ಅನ್ನುವುದನ್ನು ಬಲಕ್ಕಿಂತ ಪವರ್ ಚೆನ್ನಾಗಿ ಸೂಚಿಸಿತು. ಅಲ್ಲಿ ಬಲವನ್ನು ಅಳೆದಿದ್ದು ಕೈಹಿಡಿತದಿಂದ, ಪವರ್ ಅಳೆದಿದ್ದು ಬೇರೆ ವ್ಯಾಯಾಮದಿಂದ, ಅದನ್ನೂ ನೆನಪಿಟ್ಟುಕೊಳ್ಳಿ. ಸೂಚಿಸುವುದು ಬೇರೆ, ಕಾರಣವಾಗುವುದು ಬೇರೆ. ಒಳಗೆ ಕಾಯಿಲೆ ಇರುವವರಿಗೆ ಪವರ್ ಮೊದಲೇ ಇಳಿದಿರಬಹುದು. ಸುಮ್ನೆ ಹೆದರಬೇಡಿ.

ನಾನು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ವಾಕಿಂಗ್ ಮಾಡ್ತೀನಿ. ಸಾಲದಾ?

ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ತುಂಬಾ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟಾದ ಪಾರ್ಕಿನಲ್ಲಿ ಮಾತಾಡಿಕೊಂಡು ನಡೆಯುವಾಗ ವೇಗದ ಎಳೆಗಳಿಗೆ ಕೆಲಸವೇ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನವೂ ಸೇರಿದ ವ್ಯಾಯಾಮ ಬೇಕು ಅನ್ನುತ್ತದೆ. ನಮ್ಮಲ್ಲಿ ಮೊದಲನೆಯದು ಮಾತ್ರ ಎಲ್ಲರಿಗೂ ಗೊತ್ತು.

ಯೋಗ ಮಾಡ್ತೀನಿ, ಅದು ಯಾವುದಕ್ಕೆ ಸೇರುತ್ತೆ?

ವೃಕ್ಷಾಸನ, ವೀರಭದ್ರಾಸನದಂಥವು ಸಮತೋಲನಕ್ಕೆ, ಒಂದೇ ಭಂಗಿಯಲ್ಲಿ ತಡೆದು ನಿಲ್ಲುವ ಬಲಕ್ಕೆ ಚೆನ್ನ. ವೇಗ ಅದರಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಯೋಗದ ದಿನ ಯೋಗ, ಇದರ ದಿನ ಇದು.

ಮನೆಯಲ್ಲೇ ನನ್ನ ಪವರ್ ಅಳೆಯಬಹುದಾ?

ಅಳೆಯಬಹುದು. ಕುರ್ಚಿ, ಫೋನಿನ ಸ್ಟಾಪ್‌ವಾಚ್, ಪಕ್ಕದಲ್ಲಿ ಒಬ್ಬರು ಇದ್ದರೆ ಆಯಿತು. ಕೈ ಎದೆಗೆ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ಪೂರ್ತಿ ಕೂರಬೇಕು, ಆದಷ್ಟು ಬೇಗ. ಏಷ್ಯಾದವರಿಗಾಗಿ 2019ರಲ್ಲಿ ತಜ್ಞರು ನಿಗದಿ ಮಾಡಿದ ಗಡಿ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯುಗಳ ಕಡೆ ಗಮನ ಕೊಡಬೇಕು ಅಂತ ಅರ್ಥ. ಯುರೋಪಿನವರ ಗಡಿ 15 ಸೆಕೆಂಡು.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದಿದೆ. ಸ್ಪೇನ್‌ನ ಸಂಶೋಧಕರು 2018ರಲ್ಲಿ ಇದೇ ಪರೀಕ್ಷೆಯಿಂದ ವ್ಯಾಟ್ ಲೆಕ್ಕದಲ್ಲಿ ಪವರ್ ಕಂಡುಹಿಡಿಯುವ ಸೂತ್ರ ಕೊಟ್ಟರು. ತೂಕವನ್ನು 0.9ರಿಂದ, ಆಮೇಲೆ 9.81ರಿಂದ ಗುಣಿಸಿ. ಎತ್ತರದ ಅರ್ಧದಿಂದ ಕುರ್ಚಿಯ ಎತ್ತರ ಕಳೆದು (ಎರಡೂ ಮೀಟರ್‌ನಲ್ಲಿ) ಅದರಿಂದಲೂ ಗುಣಿಸಿ. ಬಂದದ್ದನ್ನು, ಐದು ಸಲಕ್ಕೆ ಹಿಡಿದ ಸಮಯದ ಹತ್ತನೇ ಒಂದು ಭಾಗದಿಂದ ಭಾಗಿಸಿ. 60 ಕಿಲೋ ತೂಕ, 1.55 ಮೀಟರ್ ಎತ್ತರದ ಅಮ್ಮ, 45 ಸೆಂಟಿಮೀಟರ್ ಕುರ್ಚಿಯಿಂದ 12 ಸೆಕೆಂಡಿನಲ್ಲಿ ಮುಗಿಸಿದರೆ ಸುಮಾರು 143 ವ್ಯಾಟ್. ಅದೇ ಅಮ್ಮ ಮೂರು ತಿಂಗಳ ನಂತರ 9 ಸೆಕೆಂಡಿನಲ್ಲಿ ಮುಗಿಸಿದರೆ 191 ವ್ಯಾಟ್. ತೂಕ ಬದಲಾಗಿಲ್ಲ, ಕುರ್ಚಿ ಬದಲಾಗಿಲ್ಲ. ಮೂರು ಸೆಕೆಂಡಿನ ಬೆಲೆ ಎಷ್ಟು ನೋಡಿ.

ಪ್ರತಿ ಸಲವೂ ಅದೇ ಕುರ್ಚಿಯಲ್ಲಿ ಅಳೆಯಿರಿ. ಸೋಫಾದಲ್ಲಿ ಒಂದು ಸಲ, ಡೈನಿಂಗ್ ಕುರ್ಚಿಯಲ್ಲಿ ಒಂದು ಸಲ ಮಾಡಿದರೆ ಹೋಲಿಸಲು ಆಗುವುದಿಲ್ಲ.

ಸರಿ, ಎಲ್ಲಿಂದ ಶುರು ಮಾಡೋದು?

ಕುರ್ಚಿಯಿಂದಲೇ. ಆದರೆ ಕುರ್ಚಿ ಯಾವುದು ಅನ್ನುವುದು ಮುಖ್ಯ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಟೈಲ್ಸ್ ಮೇಲೆ ಅದರ ಕಾಲು ಅಗಲವಾಗಿ ಜಾರುತ್ತದೆ. ಚಕ್ರದ ಕುರ್ಚಿಯೂ ಬೇಡ. ಗಟ್ಟಿಯಾದ ಮರದ ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿ ಇಡಿ. ಹವಾಯಿ ಚಪ್ಪಲಿ, ಸಾಕ್ಸ್ ತೆಗೆಯಿರಿ. ಬರಿಗಾಲು ಅಥವಾ ಜಾರದ ಶೂ. ಸೀರೆ ಉಟ್ಟಿದ್ದರೆ ನೆರಿಗೆ ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಳ್ಳಿ, ಎದ್ದೇಳುವಾಗ ಹೆಬ್ಬೆರಳಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಕುರ್ಚಿಯ ಅಂಚಿಗೆ ಬನ್ನಿ. ಪಾದ ಮಂಡಿಗಿಂತ ತುಸು ಹಿಂದೆ, ಸೊಂಟದಷ್ಟು ಅಗಲ. ಹಿಮ್ಮಡಿ ನೆಲದಲ್ಲೇ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಎದೆ ಮುಂದಕ್ಕೆ ತನ್ನಿ. ಹೆಚ್ಚಿನವರು ಎಡವುವುದು ಇಲ್ಲೇ: ಬೆನ್ನು ನೆಟ್ಟಗಿಟ್ಟು ಏಳಲು ಹೋಗಿ, ಆಗದೆ, ಎರಡೂ ಕೈ ತೊಡೆಗೆ ಊರಿ "ಅಮ್ಮಾ" ಅಂತಾರೆ. ಮುಂದೆ ಬಾಗಿದರೆ ಭಾರ ಪಾದದ ಮೇಲೆ ಬರುತ್ತದೆ, ಏಳುವುದು ಅರ್ಧ ಸುಲಭ. ಮಂಡಿಗಳು ಒಳಗೆ ಸೇರದಂತೆ ನೋಡಿಕೊಂಡು ಎದ್ದು ಪೂರ್ತಿ ನೆಟ್ಟಗೆ ನಿಲ್ಲಿ. ಕೂರುವಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಧೊಪ್ಪೆಂದು ಬೀಳಬಾರದು. ಕುರ್ಚಿಗೆ ಸದ್ದು ಕೇಳದಂತೆ ಕೂತರೆ ಸರಿಯಾಗಿದೆ ಅಂತ.

ಮೊದಲ ಕೆಲವು ವಾರ ಏಳುವುದೂ ನಿಧಾನ, ಕೂರುವುದೂ ನಿಧಾನ. ಎಂಟು ಹತ್ತು ಸಲ, ಒಂದೆರಡು ನಿಮಿಷ ವಿಶ್ರಾಂತಿ, ಮತ್ತೆ ಒಂದು ಸುತ್ತು. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಕೈ ಊರದೆ ಹತ್ತು ಸಲ ಆರಾಮಾಗಿ ಆಗುತ್ತದೆ ಅಂದಾಗ ವೇಗಕ್ಕೆ ಬನ್ನಿ: ಯಾರೋ ಬಾಗಿಲು ಬಡಿದ ಹಾಗೆ ಏಳಿ, ಮೂರು ಎಣಿಸಿ ಕೂರಿ. ಈಗ ಆರೇ ಸಲ ಸಾಕು. ನಾಲ್ಕನೆಯದೇ ನಿಧಾನವಾಯಿತಾ? ಅಲ್ಲಿಗೇ ನಿಲ್ಲಿಸಿ. ಇದನ್ನು ಒಪ್ಪಿಸುವುದೇ ಕಷ್ಟ, ಯಾಕೆಂದರೆ ನಮಗೆ "ಇನ್ನೊಂದು, ಇನ್ನೊಂದು" ಅಂತ ಸುಸ್ತಾಗುವವರೆಗೆ ಮಾಡಿದರೇನೇ ವ್ಯಾಯಾಮ ಅಂತ ತಲೆಯಲ್ಲಿ ಕೂತಿದೆ. ಪವರ್ ಟ್ರೇನಿಂಗ್‌ನಲ್ಲಿ ವೇಗ ಇಳಿದ ಮೇಲೆ ಮಾಡುವ ಪ್ರತಿಯೊಂದೂ ಸುಮ್ನೆ ಆಯಾಸ.

ಇನ್ನೊಂದು ಮಾತು. ನೋಡುವವರಿಗೆ ವೇಗ ಕಾಣದಿದ್ದರೂ ಪರವಾಗಿಲ್ಲ. ಬೇಗ ಏಳಬೇಕು ಅಂತ ಮನಸ್ಸು ಮಾಡಿ ತಳ್ಳುವುದೇ ನರಗಳಿಗೆ ಅಭ್ಯಾಸ ಕೊಡುತ್ತದೆ.

ಎಷ್ಟು ಭಾರ ಹಾಕಬೇಕು?

ಒಂದೇ ಒಂದು ಸಲ ಎತ್ತಬಹುದಾದ ಗರಿಷ್ಠ ಭಾರವನ್ನು ನೂರು ಅಂದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಅರವತ್ತು ದಾಟಿದವರಿಗೆ ಅದರ ಶೇ. 20, ಶೇ. 50, ಶೇ. 80 ಹೀಗೆ ಮೂರು ಗುಂಪು ಮಾಡಿ ವೇಗವಾಗಿ ಎತ್ತಿಸಿ ನೋಡಿದರು, 2005ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿನಲ್ಲಿ ಪವರ್ ಹೆಚ್ಚುಕಡಿಮೆ ಒಂದೇ ಸಮ ಏರಿತು. ಬಲ ಮಾತ್ರ ಜಾಸ್ತಿ ಭಾರ ಎತ್ತಿದವರಿಗೆ ಜಾಸ್ತಿ ಬಂತು. ಸಮತೋಲನ ಹೆಚ್ಚು ಸುಧಾರಿಸಿದ್ದು, ಆಶ್ಚರ್ಯ ಅಂದರೆ, ಅತಿ ಕಡಿಮೆ ಭಾರದ ಗುಂಪಿಗೆ.

ಮನೆಯಲ್ಲಿ ಶೇಕಡಾ ಲೆಕ್ಕ ಯಾರು ಹಾಕುತ್ತಾರೆ? ಹೀಗೆ ಮಾಡಿ. ಸ್ಟ್ರೆಂತ್ ದಿನ, ಹತ್ತು ಹನ್ನೆರಡು ಸಲಕ್ಕೆ "ಇನ್ನು ಒಂದೆರಡು ಆಗಬಹುದು ಅಷ್ಟೇ" ಅನ್ನಿಸುವ ಭಾರ. ಪವರ್ ದಿನ, ಇಪ್ಪತ್ತು ಸಲ ಎತ್ತಬಹುದಾದ ಭಾರ, ಆದರೆ ಎತ್ತುವುದು ಆರೋ ಎಂಟೋ ಸಲ. ಕುರ್ಚಿಯಿಂದ ಏಳುವುದು ತೀರಾ ಸುಲಭವಾದರೆ ಒಂದು ಬ್ಯಾಗಿನಲ್ಲಿ ಎರಡು ಕಿಲೋ ಅಕ್ಕಿ ಹಾಕಿ ಎದೆಗೆ ಅಪ್ಪಿಕೊಳ್ಳಿ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎತ್ತಿ ಪ್ರಾಕ್ಟೀಸ್ ಮಾಡುವ ಅಪ್ಪಂದಿರಿದ್ದಾರೆ, ದಯವಿಟ್ಟು ಬೇಡ. ಅದರಲ್ಲಿ ನೀರು ಅಲುಗಾಡುತ್ತದೆ, ಹಿಡಿಯಲು ಸರಿಯಾದ ಹಿಡಿಯೂ ಇಲ್ಲ.

ಕುರ್ಚಿ ಬಿಟ್ಟು ಬೇರೆ ಏನೇನು ಮಾಡಬಹುದು?

ರೇಲಿಂಗ್ ಹಿಡಿದು ಕೆಳಗಿನ ಒಂದೇ ಮೆಟ್ಟಿಲನ್ನು ಬೇಗ ಹತ್ತಿ ನಿಧಾನ ಇಳಿಯುವುದು, ಎರಡೂ ಕಾಲಿಗೆ. ಅಡುಗೆ ಮನೆಯ ಕಟ್ಟೆ ಹಿಡಿದು ಹಿಮ್ಮಡಿ ಚಕ್ಕನೆ ಎತ್ತಿ, ತಡೆದು, ಇಳಿಸುವುದು. ನಡೆಯುವಾಗ ಮುಂದಕ್ಕೆ ತಳ್ಳುವುದು ಮೀನಖಂಡವೇ, ಅದನ್ನು ಎಲ್ಲರೂ ಮರೆಯುತ್ತಾರೆ. ಗೋಡೆಗೆ ಕೈ ಊರಿ ದಂಡ ಹೊಡೆದ ಹಾಗೆ ತಳ್ಳುವುದು. ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಸುತ್ತಿ ಹಿಂದಕ್ಕೆ ಎಳೆಯುವುದು, ಬ್ಯಾಂಡ್ ಹಳೆಯದಾಗಿ ಬಿರುಕು ಬಿಟ್ಟಿಲ್ಲ ಅಂತ ಮೊದಲು ನೋಡಿ.

ಗರಡಿಮನೆಯಲ್ಲಿ ಬಸ್ಕಿ ಹೊಡೆದು ಬೆಳೆದ ಮೈಸೂರು ಕಡೆಯ ಹಿರಿಯರು "ಇದೇನು ಮಕ್ಕಳಾಟ" ಅಂತ ನಗಬಹುದು. ನಗಲಿ. ಪೂರ್ತಿ ಕೆಳಗಿನವರೆಗೆ ಬಸ್ಕಿ ಹೊಡೆಯುವ ಅಭ್ಯಾಸ ಇದ್ದು ಮಂಡಿ ಚೆನ್ನಾಗಿರುವವರು ಮುಂದುವರಿಸಬಹುದು. ಮೂವತ್ತು ವರ್ಷ ಬಿಟ್ಟು ಈಗ ಮತ್ತೆ ನೂರು ಹೊಡೆಯುತ್ತೇನೆ ಅಂದರೆ ಮಾತ್ರ ಬೇಡ.

ಜಿಗಿಯಬೇಕಾ?

ಬೇಕಿಲ್ಲ.

ಮಂಡಿನೋವು ಇದೆ. ಬೇಗ ಬೇಗ ಮಾಡಿದರೆ ಇನ್ನೂ ಸವೆಯಲ್ವಾ?

ವ್ಯಾಯಾಮದಿಂದ ಮಂಡಿ ಸವೆಯುತ್ತದೆ ಅನ್ನುವ ಹೆದರಿಕೆಗೇ ಎಷ್ಟೋ ಜನ ಕೂತಲ್ಲೇ ಕೂತು ತೊಡೆ ಸೊರಗಿಸಿಕೊಂಡಿದ್ದಾರೆ. ಮಂಡಿ ಸವೆತಕ್ಕೆ ವೈದ್ಯರು ಮೊದಲು ಹೇಳುವ ಮದ್ದುಗಳಲ್ಲಿ ತೊಡೆಯ ವ್ಯಾಯಾಮವೂ ಒಂದು. ಕುರ್ಚಿ ಎತ್ತರ ಮಾಡಿ, ಎರಡು ಗಟ್ಟಿ ದಿಂಬು ಹಾಕಿದರೂ ಆಯಿತು. ನೋವನ್ನು ಹತ್ತಕ್ಕೆ ಅಂಕ ಹಾಕಿಕೊಳ್ಳಿ: ಮೂರು ನಾಲ್ಕರೊಳಗಿದ್ದು ಮಾರನೇ ದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಮಂಡಿ ಊದಿಕೊಂಡರೆ, ಬಿಸಿಯಾದರೆ, ಸಿಕ್ಕಿಹಾಕಿಕೊಂಡ ಹಾಗಾದರೆ ನಿಲ್ಲಿಸಿ ತೋರಿಸಿ. ಮಂಡಿ ಬದಲಿ ಆಪರೇಷನ್ ಆದವರು ಸರ್ಜನ್ ಅನುಮತಿ ಕೊಟ್ಟ ಮೇಲೆ ನಿಧಾನದಿಂದ ಶುರು ಮಾಡಬಹುದು. ಆಪರೇಷನ್ ಆದ ಕಾಲನ್ನು ಕಾಪಾಡಿ ಇನ್ನೊಂದರ ಮೇಲೇ ಭಾರ ಹಾಕುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಕನ್ನಡಿ ಮುಂದೆ ಮಾಡಿ, ಗೊತ್ತಾಗುತ್ತದೆ.

ಬಿಪಿ ಇದೆ, ಶುಗರ್ ಇದೆ, ಸ್ಟೆಂಟ್ ಹಾಕಿದ್ದಾರೆ. ಮಾಡಬಹುದಾ?

ಇವು ಹತೋಟಿಯಲ್ಲಿದ್ದರೆ ಹೆಚ್ಚಿನವರು ಮಾಡಬಹುದು, ವೈದ್ಯರನ್ನು ಒಮ್ಮೆ ಕೇಳಿ ಶುರು ಮಾಡಿ. ಸುಮ್ಮನೆ ಕೂತಾಗಲೇ ಬಿಪಿ 180/110 ದಾಟಿದ್ದರೆ ಅವತ್ತು ವ್ಯಾಯಾಮ ಇಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. 160/100 ದಾಟಿದ್ದರೂ ಮೊದಲು ಕೇಳಿಕೊಳ್ಳಿ. ಎದೆನೋವು ಆಗಾಗ ಬರುತ್ತಿದ್ದರೆ, ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಹೃದಯದ ಕವಾಟ ತುಂಬಾ ಕಿರಿದಾಗಿದ್ದರೆ, ಹರ್ನಿಯಾ ಇದ್ದರೆ, ಕಣ್ಣಿನ ಆಪರೇಷನ್ ಈಗಷ್ಟೇ ಆಗಿದ್ದರೆ ಸ್ವಂತ ಬುದ್ಧಿ ಬೇಡ.

ಉಸಿರು ಕಟ್ಟಿ ಮುಕ್ಕುವುದು ದೊಡ್ಡ ತಪ್ಪು, ಆ ಕ್ಷಣಕ್ಕೆ ಬಿಪಿ ಜಿಗಿಯುತ್ತದೆ. ಜೋರಾಗಿ ಎಣಿಸುತ್ತಾ ಮಾಡಿ, ಬಾಯಲ್ಲಿ ಮಾತು ಇದ್ದರೆ ಉಸಿರು ಕಟ್ಟಲು ಆಗುವುದಿಲ್ಲ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಿಗೆ ನಾಡಿಬಡಿತ ಅಷ್ಟಾಗಿ ಏರುವುದಿಲ್ಲ. ವಾಚಿನ ಅಂಕಿ ನಂಬಬೇಡಿ, ಮಾತಾಡಲು ಆಗುತ್ತಿದೆಯಾ ನೋಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ, ಪಕ್ಕದಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಎದ್ದ ತಕ್ಷಣ ತಲೆ ಸುತ್ತುವವರಿಗೆ ಬೇಗ ಏಳುವ ವ್ಯಾಯಾಮ ಸದ್ಯಕ್ಕೆ ಬೇಡ, ಮೊದಲು ನಿಂತಾಗಿನ ಬಿಪಿ ನೋಡಿಸಿ.

ಮೂಳೆ ಟೊಳ್ಳಾಗಿದೆ ಅಂದಿದ್ದಾರೆ. ಹೆದರಿಕೆ ಆಗುತ್ತೆ.

ಆಸ್ಟಿಯೊಪೊರೋಸಿಸ್ ಇದ್ದವರು ಒಬ್ಬರೇ ವಿಡಿಯೋ ನೋಡಿ ಮಾಡುವುದು ಬೇಡ, ಫಿಸಿಯೋ ಬೇಕು. ಆದರೆ ಮಾಡಲೇಬಾರದು ಅಂತಲ್ಲ. ಆಸ್ಟ್ರೇಲಿಯಾದಲ್ಲಿ ನಡೆದ ಲಿಫ್ಟ್‌ಮೋರ್ ಅನ್ನುವ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ 101 ಹೆಂಗಸರು ಪಾಲ್ಗೊಂಡರು. ಅವರಲ್ಲಿ ಒಂದು ಗುಂಪು ತರಬೇತುದಾರರ ಕಣ್ಣೆದುರಲ್ಲೇ, ವಾರಕ್ಕೆ ಎರಡು ದಿನ ಅರ್ಧ ಗಂಟೆಯಂತೆ ಎಂಟು ತಿಂಗಳು, ಡೆಡ್‌ಲಿಫ್ಟ್‌ನಂಥ (ನೆಲದ ಮೇಲಿನ ಭಾರ ಹಿಡಿದು ನೆಟ್ಟಗೆ ನಿಲ್ಲುವ) ವ್ಯಾಯಾಮಗಳಲ್ಲಿ ದೊಡ್ಡ ಭಾರಗಳನ್ನೇ ಎತ್ತಿತು. ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಾಯಿತು. ಕಣ್ಣೆದುರಲ್ಲೇ ಅನ್ನುವುದನ್ನು ಎರಡು ಸಲ ಓದಿ. ಬೆನ್ನುಮೂಳೆ ಈಗಾಗಲೇ ಕುಸಿದವರು ಭಾರ ಹಿಡಿದು ಬೆನ್ನು ಬಗ್ಗಿಸುವುದು, ತಿರುಚುವುದು ಪೂರ್ತಿ ಬಿಡಬೇಕು.

ಅಪ್ಪನಿಗೆ 84. ಈಗ ಶುರು ಮಾಡಿ ಏನು ಉಪಯೋಗ?

ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಭಾರ ಎತ್ತಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಕಾಲಿನ ಬಲ ಸರಾಸರಿ ಶೇ. 174 ಏರಿತು. ಶೂನ್ಯದ ಹತ್ತಿರದಿಂದ ಶುರು ಮಾಡಿದವರಿಗೆ ಶೇಕಡಾವಾರು ದೊಡ್ಡದಾಗಿ ಕಾಣುತ್ತದೆ ಅನ್ನುವುದು ನಿಜ, ಆದರೂ ನಿಲ್ಲಲು ಕೈ ಬೇಕಿದ್ದವರಿಗೆ ಅದೇನು ಸಣ್ಣ ವಿಷಯವಲ್ಲ. ನಮ್ಮದೇ ದೇಶದ ಚಂಡೀಗಢದ ಮನ್ ಕೌರ್ 93ನೇ ವಯಸ್ಸಿನಲ್ಲಿ ಓಟ ಶುರು ಮಾಡಿದವರು. 2017ರಲ್ಲಿ ಆಕ್ಲೆಂಡ್‌ನ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ 101ನೇ ವಯಸ್ಸಿನಲ್ಲಿ ನೂರು ಮೀಟರನ್ನು 74 ಸೆಕೆಂಡಿನಲ್ಲಿ ಓಡಿದರು.

ಎಲ್ಲ ಅಪ್ಪಂದಿರೂ ಮನ್ ಕೌರ್ ಆಗಬೇಕಿಲ್ಲ. ಟಾಯ್ಲೆಟ್ಟಿನಿಂದ ಯಾರನ್ನೂ ಕರೆಯದೆ ಎದ್ದು ಬಂದರೆ ಸಾಕು.

ಇದನ್ನು ಮಾಡಿದರೆ ಬೀಳೋದು ನಿಲ್ಲುತ್ತಾ?

ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಶ್ಲೇಷಣೆ 108 ಪ್ರಯೋಗಗಳನ್ನು ನೋಡಿತು. ಒಟ್ಟಾರೆ ವ್ಯಾಯಾಮದಿಂದ ಬೀಳುವುದು ಶೇ. 23ರಷ್ಟು ಕಡಿಮೆಯಾಗುತ್ತದೆ. ಹೆಚ್ಚು ಕೆಲಸ ಮಾಡುವುದು ಸಮತೋಲನದ ವ್ಯಾಯಾಮ, ಅದರ ಜೊತೆ ಬಲದ ವ್ಯಾಯಾಮ ಸೇರಿದರೆ ಇನ್ನೂ ಚೆನ್ನ. ಬರೀ ಭಾರ ಎತ್ತುವುದರಿಂದ ಬೀಳುವುದು ಕಡಿಮೆಯಾಗುತ್ತದೆ ಅಂತ ಹೇಳುವಷ್ಟು ಪುರಾವೆ ಅದರಲ್ಲಿ ಸಿಗಲಿಲ್ಲ. ಆದ್ದರಿಂದ ಕಟ್ಟೆ ಹತ್ತಿರ ನಿಂತು ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯುವುದು, ಇವೂ ಇರಲಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಕನ್ನಡಕದ ನಂಬರ್ ನೋಡಿಸಿ. ನಿದ್ದೆ ಮಾತ್ರೆ ಇದ್ದರೆ ಅದು ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಊಟದಲ್ಲಿ ಏನಾದರೂ ಬದಲಿಸಬೇಕಾ? ಪ್ರೋಟೀನ್ ಪೌಡರ್?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವ ತಜ್ಞರು ಬಹಳ ಜನ. 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ನಮ್ಮ ಮನೆಗಳಲ್ಲಿ ಅನ್ನ, ತಿಳಿಸಾರು, ನೀರುಮಜ್ಜಿಗೆ. ತಿಳಿಸಾರಿನಲ್ಲಿ ಬೇಳೆ ಎಲ್ಲಿದೆ ಹುಡುಕಿ ನೋಡಿ! ತಳದಲ್ಲಿರುವ ಬೇಳೆ ಅಮ್ಮನ ತಟ್ಟೆಗೆ ಬೀಳುವುದೇ ಇಲ್ಲ. ಗಟ್ಟಿ ಹುಳಿ, ಹೆಸರುಕಾಳು ಉಸಲಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ (ಒಂದರಲ್ಲಿ 6 ಗ್ರಾಂ), ಮೀನು. ಇವು ಸಾಲದಾಗ ಪೌಡರ್. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಒಂದು ತಿಂಗಳು ಬಿಟ್ಟರೆ?

ಮೇಲೆ ಹೇಳಿದ ಬಾಸ್ಟನ್‌ನವರು ನಾಲ್ಕು ವಾರ ಬಿಟ್ಟಾಗ ಬಲ ಶೇ. 32 ಇಳಿಯಿತು. ಮದುವೆ, ಜ್ವರ, ಊರಿಗೆ ಹೋಗುವುದು ಇದ್ದೇ ಇರುತ್ತದೆ. ವಾಪಸ್ ಬಂದಾಗ ಬಿಟ್ಟಲ್ಲಿಂದಲೇ ಹಿಡಿಯಬೇಡಿ, ಒಂದು ವಾರ ನಿಧಾನದ್ದು ಮಾಡಿ ಆಮೇಲೆ ವೇಗಕ್ಕೆ ಹೋಗಿ.

ನಾನು ಅಮೆರಿಕದಲ್ಲಿದ್ದೀನಿ, ಅಮ್ಮ ಹಾಸನದಲ್ಲಿ. ವಾಟ್ಸಾಪ್‌ನಲ್ಲಿ ಹೇಳಿದರೆ "ಮಾಡ್ತೀನಿ ಬಿಡೋ" ಅಂತಾರೆ, ಮಾಡಲ್ಲ. ಏನು ಮಾಡಲಿ?

ವಿಡಿಯೋ ಫಾರ್ವರ್ಡ್ ಮಾಡುವುದನ್ನು ಮೊದಲು ನಿಲ್ಲಿಸಿ. ಅಮ್ಮನ ಫೋನಿನಲ್ಲಿ ಅಂಥದ್ದು ನೂರು ಇವೆ. ವಾರಕ್ಕೆ ಎರಡು ದಿನ ಕರೆ ಮಾಡುವ ಹೊತ್ತಿನಲ್ಲೇ ಜೊತೆಗೆ ಮಾಡಿ, ನೀವೂ ಕುರ್ಚಿ ಇಟ್ಟುಕೊಳ್ಳಿ. ಫೋನನ್ನು ಮುಂದೆ ಇಟ್ಟರೆ ಮುಖ ಮಾತ್ರ ಕಾಣುತ್ತದೆ. ಪಕ್ಕದಲ್ಲಿ, ಟೀಪಾಯಿ ಎತ್ತರದಲ್ಲಿ ಇಡಿಸಿ, ಮಂಡಿ ಮತ್ತು ಬೆನ್ನು ಎರಡೂ ಕಾಣಲಿ. ಐದು ಸಲ ಎದ್ದು ಕೂತ ಸಮಯವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಮ್ಮೆ ಬರೆಯಿಸಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ಮೊದಲ ಸಲ ಕೈ ಊರದೆ ಏಳಲು ಆಗದಿದ್ದರೆ, ಮನೆಯಲ್ಲಿ ಒಬ್ಬರೇ ಇದ್ದರೆ, ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದರೆ, ಕರೆಯ ಮೇಲೆ ಮಾಡಿಸಬೇಡಿ. ಹಾಸನದಲ್ಲೇ ಒಬ್ಬ ಫಿಸಿಯೋ ಹುಡುಕಿ ಮೊದಲ ಕೆಲವು ವಾರ ಮನೆಗೇ ಬರಲು ಹೇಳಿ. "ವೇಗವಾಗಿ ಏಳುವುದನ್ನು ಯಾವಾಗ ಶುರು ಮಾಡಿಸುತ್ತೀರಿ?" ಅಂತ ಅವರನ್ನು ಕೇಳಿ. ಇದಕ್ಕೆ ಸರಿಯಾದ ಉತ್ತರ ಬಾರದೆ "ಈ ವಯಸ್ಸಲ್ಲಿ ಅದೆಲ್ಲ ಯಾಕೆ" ಅಂದರೆ ಇನ್ನೊಬ್ಬರನ್ನು ನೋಡಿ.